ಸಿಕ್ಕ ಪಾಲಣ್ಣನನ್ನು ಹುಡುಕುವ ಮಂದಿ

ಕೂಡ್ಲಿಗಿ ಬಸ್‌ಸ್ಟ್ಯಾಂಡಿನಲ್ಲಿ ಪಾಲಣ್ಣ ಮತ್ತೆ ಸಿಕ್ಕಿಬಿದ್ದ.

ಕಳ್ಳತನ ಮಾಡಿ ಸಿಕ್ಕಿಬಿದ್ದದ್ದಲ್ಲ. ಗುಡೇಕೋಟೆಯ ಈ ಕುರಿ ದಲ್ಲಾಳಿ ಹಗರಿಬೊಮ್ಮನಹಳ್ಳಿ ಸಂತೆಗೆ ಹೋಗಲು ಬಸ್ಸು ಕಾಯುತ್ತಿದ್ದ, ಅಷ್ಟೇ. ಇಬ್ಬರು ಕಾಲೇಜು ಹುಡುಗಿಯರು ಅವನ ಮುಖ ನೋಡಿದರು, ತಮ್ಮ ಮೊಬೈಲ್ ನೋಡಿದರು, ಮತ್ತೆ ಅವನ ಮುಖ ನೋಡಿದರು. ನೋಡನೋಡುತ್ತಲೇ ಸುತ್ತ ಜನ ಸೇರಿತು. ಒಬ್ಬರು ಅವನನ್ನು ಬೆಂಚಿನ ಮೇಲೆ ಕೂರಿಸಿದರು. ಇನ್ನೊಬ್ಬರು ಚಹಾ ತಂದರು, ಮತ್ತೊಬ್ಬರು ಬನ್ನು ತಂದರು. ಅಷ್ಟರಲ್ಲಿ ಸಂತೆಯ ಬಸ್ಸು ಬಂತು. ಪಾಲಣ್ಣ ಎದ್ದು ಹೋದರೆ ಕಂಡಕ್ಟರ್ ಬಾಗಿಲಿಗೆ ಕೈ ಅಡ್ಡ ಇಟ್ಟ.

"ಅಜ್ಜಾ, ನಿನ್ನ ಹೆಸರೇನು?"

"ಪಾಲಣ್ಣ."

"ಯಾವೂರು?"

"ಗುಡೇಕೋಟಿ."

"ಇವರ ನೋಡ್ರಿ!" ಎಂದು ಹುಡುಗಿಯೊಬ್ಬಳು ಕೂಗಿದಳು. "ಹೆಸರು, ಊರು ಎಲ್ಲಾ ಬರೋಬ್ಬರಿ ಐತಿ."

"ತಂಗೀ, ನಾ ಎಲ್ಲೂ ಕಳದಿಲ್ಲವ್ವಾ. ಸಂತಿಗೆ ಹೊಂಟೀನಿ. ನನಗ ಮರವು ಗಿರವು ಏನೂ ಇಲ್ಲ."

"ಮರವು ಇದ್ದೋರು ಹಂಗ ಅಂತಾರ, ಪಾಪ," ಎಂದ ಚಹಾ ತಂದವನು. ಅವನ ದನಿಯಲ್ಲಿ ನಿಜವಾದ ಕನಿಕರವಿತ್ತು.

ಬಸ್‌ಸ್ಟ್ಯಾಂಡಿನ ಎದುರಿಗೇ ಮೆಹರೀನಳ ಆನ್‌ಲೈನ್ ಸೆಂಟರ್. ಅರ್ಜಿ ಹಾಕುವುದು, ಜೆರಾಕ್ಸ್ ಮಾಡುವುದು ಹೊಟ್ಟೆಪಾಡು. ಇದರ ನಡುವೆ ಅವಳಿಗೊಂದು ಬ್ಲಾಗ್ ಇದೆ, ಹೆಸರು 'ಮೊಬೈಲ್ ಮಂದಿ'. ನಮ್ಮ ಕಡೆಯ ಜನ ಇಂಟರ್ನೆಟ್ಟಿನಲ್ಲಿ ಹೇಗೆ ಬದುಕುತ್ತಾರೆ ಎಂದು ನೋಡಿ ಅದರಲ್ಲಿ ಬರೆಯುತ್ತಾಳೆ. ಸೂರ್ಯ ಹುಟ್ಟುವ ಮೊದಲೇ ಗುಡ್ ಮಾರ್ನಿಂಗ್ ಗುಲಾಬಿ ಕಳಿಸಿ ಮತ್ತೆ ಮಲಗುವವರ ಬಗ್ಗೆ ಬರೆದಿದ್ದಳು. ಹಿಂದೆ ಶಾಲೆಗೆ ಸೇರಿಸುವಾಗ ಮೇಷ್ಟ್ರು ಎಲ್ಲರಿಗೂ ಜೂನ್ ಒಂದು ಎಂದೇ ಬರೆದುಕೊಂಡದ್ದರಿಂದ ಆ ದಿನ ಅರ್ಧ ತಾಲ್ಲೂಕಿಗೆ ಫೇಸ್‌ಬುಕ್ಕಿನಲ್ಲಿ ಹುಟ್ಟುಹಬ್ಬ ಬರುವುದರ ಬಗ್ಗೆಯೂ ಬರೆದಿದ್ದಳು. ಯಾರನ್ನೂ ಬೈಯುವವಳಲ್ಲ, ತಿದ್ದುವವಳೂ ಅಲ್ಲ. ನೋಡಿದ್ದನ್ನು ಬರೆದು ಸುಮ್ಮನಾಗುವವಳು.

ಗದ್ದಲ ಕೇಳಿ ಹೊರಗೆ ಬಂದವಳಿಗೆ ಪಾಲಣ್ಣನ ಗುರುತು ಹತ್ತಿತು. ಅವಳ ತಂದೆ ಮೌಲಾಹುಸೇನರದು ಮಟನ್ ಅಂಗಡಿ. ಅವರು ಕುರಿ ಕೊಳ್ಳುವುದು ಮೊದಲಿನಿಂದಲೂ ಪಾಲಣ್ಣನ ಕೈಯಿಂದಲೇ.

"ಇವರನ್ನ ಬಿಡ್ರಿ. ಇವರು ನಮ್ಮಬ್ಬಾಗ ಪರಿಚಯ. ಕಳದೋದೋರಲ್ಲ."

"ಮತ್ತ ಇದೇನ್ರಿ ಮೇಡಂ?" ಎಂದು ಹುಡುಗಿ ಮೊಬೈಲ್ ಮುಂದೆ ಹಿಡಿದಳು.

ಅದರಲ್ಲಿ ಪಾಲಣ್ಣನ ಫೋಟೋ, ಕೆಳಗೆ ಬರಹ: "ನಮ್ಮ ತಂದೆ ಗುಡೇಕೋಟೆಯ ಪಾಲಣ್ಣ ಕಾಣೆಯಾಗಿದ್ದಾರೆ. ಇವರಿಗೆ ಮರೆವಿನ ಕಾಯಿಲೆ ಇದೆ. ಕಂಡವರು ದಯವಿಟ್ಟು ಹಿಡಿದಿಟ್ಟುಕೊಂಡು ಈ ನಂಬರಿಗೆ ಫೋನ್ ಮಾಡಿ. ಎಲ್ಲ ಗ್ರೂಪಿಗೂ ಕಳಿಸಿ."

ಯಾವತ್ತು ಕಾಣೆಯಾದರು ಎಂದು ಅದರಲ್ಲಿರಲಿಲ್ಲ. ಮೆಹರೀನ ಆ ನಂಬರಿಗೆ ಫೋನ್ ಮಾಡಿದಳು. ಎತ್ತಿದ್ದು ಪಾಲಣ್ಣನ ಮಗ ಅರುಣಕುಮಾರ್. "ಹೌದ್ರಿ, ನಮ್ಮಪ್ಪನ. ಅದು ಹಳೇದು, ಬಿಟ್ಟುಬಿಡ್ರಿ," ಎಂದು ಆಕಳಿಸಿದ. ಇಂಥ ಫೋನು ಅವನಿಗೆ ಅಭ್ಯಾಸವಾಗಿ ಹೋಗಿತ್ತು.

ಇಷ್ಟಾಗುವಾಗ ಸಂತೆಯ ಬಸ್ಸು ಹೊರಟುಹೋಗಿತ್ತು. ಪಾಲಣ್ಣ ತಿರುಗಿ ಊರಿನ ಬಸ್ಸಿನ ಕಡೆ ನಡೆದ. ಅದನ್ನು ಹತ್ತಿಸಲು ಮಾತ್ರ ಎಲ್ಲರೂ ಓಡಿ ಬಂದು ಕೈ ಹಿಡಿದರು.

ಮೆಹರೀನಳಿಗೆ ನಗು ಬಂತು. ಬ್ಲಾಗಿಗೆ ಇದಕ್ಕಿಂತ ಒಳ್ಳೆಯ ಸರಕು ಸಿಗುವುದುಂಟೇ? ಸೆಂಟರಿಗೆ ಹೋಗಿ ಕುಳಿತು ಬಿಸಿಬಿಸಿಯಾಗಿ ಬರೆದಳು. ಮಧ್ಯಾಹ್ನ ಬುತ್ತಿ ಕೊಡಲು ಅಬ್ಬಾನ ಅಂಗಡಿಗೆ ಹೋದಾಗ ಅದನ್ನು ಓದಿ ಹೇಳಿದಳು. ಮೌಲಾಹುಸೇನರು ನಗಲಿಲ್ಲ. ಕತ್ತಿ ಒರೆಸಿ ಪಕ್ಕಕ್ಕಿಟ್ಟರು.

"ಇದನ್ನ ಹಾಕಬ್ಯಾಡ ಬೇಟಿ. ಆ ಮನುಷ್ಯ ಮದ್ಲ ನೊಂದಾನ."

"ಯಾಕಬ್ಬಾ? ಚಹಾ ಕುಡಿಸಿ ಕಳಿಸಿದ್ರು. ಹೊಡದ್ರೇನು, ಬಡದ್ರೇನು?"

"ನಿನಗ ಸಂತಿ ಗೊತ್ತಿಲ್ಲ," ಎಂದರು ಮೌಲಾಹುಸೇನರು. ನಿಧಾನವಾಗಿ ವಿಷಯ ಹೇಳಿದರು.

ಕುರಿ ಸಂತೆಯಲ್ಲಿ ರೇಟು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ದಲ್ಲಾಳಿ ತನ್ನ ಹೆಗಲ ಟವೆಲ್ ತೆಗೆದು ಮಾರುವವನ ಕೈ ಮೇಲೆ ಹಾಕುತ್ತಾನೆ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ಅವನ ರೇಟು ಕೇಳುತ್ತಾನೆ. ಆಮೇಲೆ ಕೊಳ್ಳುವವನ ಕೈ. ಹೀಗೆ ಅತ್ತಿಂದಿತ್ತ, ಇತ್ತಿಂದತ್ತ ಹೋಗಿ ಇಬ್ಬರನ್ನೂ ಒಂದು ರೇಟಿಗೆ ತರುತ್ತಾನೆ. ಸುತ್ತ ನಿಂತವರಿಗೆ ಒಂದೂ ತಿಳಿಯುವುದಿಲ್ಲ. ಮುಂಗಡ ಅವತ್ತು, ಕುರಿ ಮತ್ತು ಬಾಕಿ ಮುಂದಿನ ಸಂತೆಗೆ. ನಡುವೆ ಒಂದು ಚೀಟಿ ಕೂಡ ಇರುವುದಿಲ್ಲ. ತಕರಾರು ಬಂದರೆ ದಲ್ಲಾಳಿ ಹೇಳಿದ್ದೇ ರೇಟು. ಅವನ ತಲೆಯಲ್ಲಿರುವುದೇ ಲೆಕ್ಕ.

"ಅಂಥವಗ ಮರವು ಐತಿ ಅಂದ್ರ ಏನಾತು, ನೀನ ಹೇಳು," ಎಂದರು. "ಹೋದ ತಿಂಗಳು ಕೊಟ್ಟೂರು ಕಡೀ ಗವಿಸಿದ್ದೇಶ್ ಅಂತ, ಹೊಸ ಹುಡುಗ, ಅವನ ಕುರಿ ನಾ ಪಾಲಣ್ಣನ ಕೈಲೆ ವ್ಯಾಪಾರ ಮಾಡಿ ಹಿಡದಿದ್ದೆ. ಬಾಕಿ ಕೊಡೋ ದಿನ ಅವ ರೇಟು ಏರಿಸಿ ಹೇಳಿದ. ಪಾಲಣ್ಣ, 'ಇಲ್ಲಪಾ, ನಿನ್ನ ಕೈಯಾಗ ಆಗಿದ್ದು ಇಷ್ಟಲ್ಲ' ಅಂದ. ಆಗ ಗವಿಸಿದ್ದೇಶ್ ಮೊಬೈಲ್ ತಗದು ಎಲ್ಲಾರಿಗೂ ತೋರ್ಸಿದ. 'ಅಜ್ಜಗ ಮರವಿನ ಕಾಯಿಲಿ ಐತಿ, ಅವರ ಮಗನ ಹಾಕ್ಯಾನ ನೋಡ್ರಿ' ಅಂದ. ಸಂತಿ ಮಂದಿ ಎಲ್ಲಾ ತಲಿ ತಗ್ಗಿಸಿ ನಿಂತ್ರು."

"ನೀವು ಹೇಳಬೇಕಿತ್ತಲ್ಲ ಅಬ್ಬಾ, ಪಾಲಣ್ಣ ಹೇಳಿದ್ದ ಖರೆ ಅಂತ?"

"ಹೇಳಿದೆ. ಕೊಳ್ಳೋನು ಕಡಿಮೀನ ಹೇಳ್ತಾನ ಅಂತ ನಕ್ಕರು. ಅವ ಕೇಳಿದಷ್ಟು ಕೊಟ್ಟು ಬಂದೆ. ಅವತ್ತಿನಿಂದ ಯಾರೂ ಪಾಲಣ್ಣನ ಟವೆಲ್ಲಿನ ಕೆಳಗ ಕೈ ಇಡವಲ್ರು. ಇವತ್ತು ಸಂತಿಗೆ ಹೊಂಟಿದ್ದು, ನನ್ನ ಯಾಕ ನಂಬವಲ್ರಿ ಅಂತ ಅವರನ್ನ ಕೇಳಾಕ ಅಂತ ಕಾಣ್ತೈತಿ. ಅದಕ್ಕೂ ಬಿಡಲಿಲ್ಲ ನಿಮ್ಮ ಮೊಬೈಲ್ ಮಂದಿ."

ಮೆಹರೀನ ಮೊಬೈಲ್ ತೆಗೆದಳು. ಬರೆದದ್ದನ್ನು ಅಲ್ಲೇ ಅಳಿಸಿದಳು.

ಮರುದಿನ ಅವಳು ಗುಡೇಕೋಟೆಗೆ ಹೋದಳು. ಪಾಲಣ್ಣನ ಹೆಂಡತಿ ಉಚ್ಚಂಗೆಮ್ಮ ಕಟ್ಟೆಯ ಮೇಲೆ ಕುಳಿತು ಹುಣಸೆಹಣ್ಣು ಬಡಿದು ಬೀಜ ತೆಗೆಯುತ್ತಿದ್ದಳು. ಅರುಣಕುಮಾರ್ ಅಂಗಳದಲ್ಲಿ ಬೋರಿನ ಮೋಟಾರು ಬಿಚ್ಚಿ ಹರಡಿದ್ದ, ಅದೇ ಅವನ ಕೆಲಸ. ಪಾಲಣ್ಣ ಒಳಗೆ ಗೋಡೆಗೆ ಮುಖ ಮಾಡಿ ಮಲಗಿದ್ದ.

"ಅಣ್ಣಾ, ಆ ಮೆಸೇಜ್ ಹಾಕಿದ್ದು ಯಾವಾಗ?" ಎಂದು ಮೆಹರೀನ ಕೇಳಿದಳು.

"ಅಯ್ಯೋ, ಎರಡು ವರ್ಷದ ಮಾತು ತಂಗೀ. ಅಪ್ಪ ಹಂಪಸಾಗರಕ್ಕ ಹೋಗಿದ್ದ. ಗೆಳೆಯನ ಮನ್ಯಾಗ ಉಳಕೊಂಡ, ಫೋನ್ ಚಾರ್ಜ್ ಇರಲಿಲ್ಲ. ಅವ್ವ ಅಳಾಕ ಹತ್ತಿದ್ಲು. ಹಾಕಿದೆ. ಮುಂಜಾನಿ ಮದಲನೇ ಬಸ್ಸಿಗೆ ಬಂದ. ಬಂದ ಕೂಡಲೇ ಡಿಲೀಟ್ ಮಾಡೀನಿ. ಇನ್ನೇನು ಮಾಡಬೇಕು?"

"ನಿಮ್ಮ ಮೊಬೈಲ್ನಾಗ ಡಿಲೀಟ್ ಆಗೈತಿ. ಅಷ್ಟರಾಗ ಅದನ್ನ ಕಳಿಸಿಕೊಂಡೋರ ಮೊಬೈಲ್ನಾಗ ಹಂಗ ಐತಿ. ತಾರೀಖ ಹಾಕಿಲ್ಲ ನೋಡ್ರಿ, ಓದಿದೋರಿಗೆ ಅದು ಯಾವತ್ತೂ ಇವತ್ತಿಂದ. ಅಪ್ಪ ಬಂದ್ರು ಅಂತ ಹಾಕಿದ್ರೇನು?"

"ನಮ್ಮ ಗ್ರೂಪಿಗೆ ಹಾಕಿದೆ. ಒಬ್ರೂ ಮುಂದ ಕಳಸಲಿಲ್ಲ. ಸಿಕ್ಕಿದ್ದನ್ನ ಯಾರು ಕಳಿಸ್ತಾರ? ಮಂದಿ ಒಳ್ಳೇದಕ್ಕ ಹಿಡದು ಕುಂದ್ರಸ್ತಾರ, ಚಹಾ ಕುಡಸ್ತಾರ. ಅದರಾಗ ತಪ್ಪೇನೈತಿ?"

"ಮತ್ತ ಮರವಿನ ಕಾಯಿಲಿ ಅಂತ ಬರದಿದ್ದು?"

ಅರುಣಕುಮಾರ್ ಸ್ಪ್ಯಾನರು ಹುಡುಕುವವನಂತೆ ಕೆಳಗೆ ನೋಡಿದ. "ಬರೇ ಕಾಣೆ ಅಂದ್ರ ಯಾರು ಲಕ್ಷ್ಯ ಕೊಡ್ತಾರ? ಕಾಯಿಲಿ ಅಂದ್ರ ಅಯ್ಯೋ ಪಾಪ ಅಂತ ಶೇರ್ ಮಾಡ್ತಾರ. ಎಲ್ಲಾರೂ ಹಂಗ ಹಾಕ್ತಾರ."

ಹುಣಸೆಹಣ್ಣು ಬಡಿಯುವ ಸದ್ದು ನಿಂತಿತು.

"ಏನಂದಿ?" ಎಂದಳು ಉಚ್ಚಂಗೆಮ್ಮ. ಅವಳಿಗೆ ಓದಲು ಬರುವುದಿಲ್ಲ, ಆ ಬರಹದಲ್ಲಿ ಏನಿದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. "ನಿಮ್ಮಪ್ಪಗ ಮರವು ಅಂತ ಬರದೀಯೇನು? ಲೇ, ನಿನ್ನ ಓದಿಗೆ ಯಾವ ಸಂತ್ಯಾಗ ಎಷ್ಟು ಹುಟ್ಟಿತು ಅಂತ ಇವತ್ತಿಗೂ ಹೇಳ್ತಾನ ಅವ. ಊಟ ಬಿಟ್ಟು ಮಲಗ್ಯಾನ ಮನುಷ್ಯ, ಯಾಕ ಅಂದ್ರ ಬಾಯಿ ಬಿಡವಲ್ಲ. ಇದಕ್ಕೇನು?"

ಅರುಣಕುಮಾರನಿಗೂ ಸಂತೆಯ ವಿಷಯ ಗೊತ್ತಿರಲಿಲ್ಲ. ಮೆಹರೀನ ಗವಿಸಿದ್ದೇಶನ ಜಗಳವನ್ನು ಇದ್ದಂತೆ ಹೇಳಿದಳು. ಅವನ ಮುಖ ಇಳಿದುಹೋಯಿತು. ಎದ್ದು ಕೈ ಒರೆಸಿಕೊಂಡ, ಮತ್ತೆ ಅಲ್ಲೇ ಕುಳಿತ.

"ಈಗ ಏನು ಮಾಡಬೇಕು ತಂಗೀ?"

ಮೆಹರೀನಳಿಗೆ ದಾರಿಯಲ್ಲೇ ಒಂದು ಉಪಾಯ ಹೊಳೆದಿತ್ತು. ಒಳಗೆ ಹೋಗಿ ಪಾಲಣ್ಣನ ಪಕ್ಕ ಕುಳಿತಳು. "ಅಜ್ಜಾ, ಒಂದು ವೀಡಿಯೋ ಮಾಡೋಣು. ನೀವು ಮಾಡ್ಸಿದ ವ್ಯಾಪಾರ ಒಂದೊಂದ ಹೇಳಿಬಿಡ್ರಿ. ಯಾವ ಸಂತಿ, ಯಾರ ಕುರಿ, ಎಷ್ಟಕ್ಕ ಆತು, ಎಲ್ಲಾ. ಮಂದಿ ಬಾಯಿ ಮ್ಯಾಲ ಬಟ್ಟು ಇಡಬೇಕು. ಇದು ಓಡ್ತೈತಿ, ನನಗ ಗೊತ್ತೈತಿ."

ಪಾಲಣ್ಣ ಈ ಕಡೆ ತಿರುಗಿದ. ಎದ್ದು ಕುಳಿತ.

"ಎಲ್ಲಾ ನೆಪ್ಪೈತಿ ಮಗಳ. ನಿಮ್ಮಪ್ಪ ಮದಲನೇ ಸಲ ಹಿಡದ ಟಗರಿನ ರೇಟೂ ನೆಪ್ಪೈತಿ. ಆದ್ರ ಹೇಳಾಕ ಬರಂಗಿಲ್ಲ. ಟವೆಲ್ಲಿನ ಕೆಳಗ ಆಗಿದ್ದು ಆ ಮೂರು ಮಂದೀದು. ಅದನ್ನ ಊರಿಗೆಲ್ಲಾ ಬಿಚ್ಚಿದ್ರ, ನೆಪ್ಪು ಇದ್ದೂ ನಾ ದಲ್ಲಾಳಿ ಅಲ್ಲ."

ಮೆಹರೀನ ಮೊಬೈಲ್ ಕೆಳಗಿಟ್ಟಳು. ಉಂಡದ್ದು, ಉಟ್ಟದ್ದು, ಅತ್ತದ್ದು ಎಲ್ಲವನ್ನೂ ಸ್ಟೇಟಸ್ಸಿಗೆ ಹಾಕುವವರನ್ನು ದಿನಾ ನೋಡುವವಳು ಅವಳು. ತನ್ನ ಮಾನ ಉಳಿಸಿಕೊಳ್ಳುವುದಕ್ಕೂ ಬೇರೆಯವರ ಗುಟ್ಟು ಬಿಡದ ಮನುಷ್ಯನನ್ನು ನೋಡಿದ್ದು ಇದೇ ಮೊದಲು. ಅವಳಿಗೆ ಆ ಮುದುಕನ ಮೇಲೆ ತುಂಬ ಗೌರವ ಬಂತು.

ದಾರಿ ತೋರಿಸಿದ್ದು ಉಚ್ಚಂಗೆಮ್ಮ. "ನಮ್ಮ ಹೆಣ್ಮಕ್ಕಳ ಸಂಘದೋರ ಎಲ್ಲಾರೂ ಅವತ್ತು ಆ ಫೋಟೋ ಕಳಸಿದ್ರು. ತವರಿಗೆ, ಬೀಗರಿಗೆ, ಹಡಗಲಿಗೆ, ಹರಪನಳ್ಳಿಗೆ. ಎಲ್ಲೆಲ್ಲಿಗೆ ಕಳಸ್ಯಾರ ಅವರಿಗೆ ಗೊತ್ತಿರತೈತಿ. ಅಲ್ಲಿಗೇ ಮತ್ತೊಂದು ಕಳಸಾಕ ಹೇಳೋಣು. ಕಳಸಲ್ಲ ಅಂದೋರ ಮನಿ ಮುಂದ ನಾ ಕುಂದ್ರತೀನಿ."

ಮೆಹರೀನ ಅದೇ ಫೋಟೋ ತೆಗೆದುಕೊಂಡಳು. ಫೋಟೋ ಬೇರೆಯಾದರೆ ಹಳೆಯದನ್ನು ಕಂಡವರಿಗೆ ಗುರುತು ಸಿಗುವುದಿಲ್ಲ. ಅದರ ಮೇಲೆ ಕೆಂಪು ಅಕ್ಷರದಲ್ಲಿ ದೊಡ್ಡದಾಗಿ 'ಸಿಕ್ಕಿದ್ದಾರೆ' ಎಂದು ಬರೆದಳು. ಸಿಕ್ಕ ತಾರೀಖು ಹಾಕಿದಳು, ಇವತ್ತಿನ ತಾರೀಖೂ ಹಾಕಿದಳು. ಕೆಳಗೆ, "ಇವರಿಗೆ ಮರೆವಿನ ಕಾಯಿಲೆ ಇಲ್ಲ. ಹಾಗೆ ಬರೆದದ್ದು ಸುಳ್ಳು. ಹಳೆಯ ಮೆಸೇಜ್ ಅಳಿಸಿ, ಇದನ್ನು ಕಳಿಸಿ. ಹೀಗೆ ಕೇಳಿಕೊಳ್ಳುವವನು ಇವರ ಮಗ ಅರುಣಕುಮಾರ್."

"ನನ್ನ ಹೆಸರು ಯಾಕ?" ಎಂದ ಅರುಣಕುಮಾರ್. "ಊರಾಗ ತಲಿ ಎತ್ತಿ ತಿರಗಾಕ ಆಗಂಗಿಲ್ಲ."

"ಅಪ್ಪನ ಹೆಸರು ಹಾಕುವಾಗ ಅವನ್ನ ಕೇಳಿದ್ಯೇನು?" ಎಂದಳು ಉಚ್ಚಂಗೆಮ್ಮ.

ಹೆಸರು ಉಳಿಯಿತು.

ಸಂಘದ ಹೆಂಗಸರು ಅವತ್ತೇ ಕಟ್ಟೆಯ ಮೇಲೆ ಸೇರಿದರು. ಒಬ್ಬಳು, "ಮುಂದ ನಮ್ಮನಿ ಮಂದೀನ ಕಳದ್ರ ಏನು ಮಾಡಬೇಕವಾ? ಹಾಕಬಾರದೇನು?" ಎಂದು ಕೇಳಿದಳು.

"ಹಾಕ್ರಿ, ಯಾಕ ಹಾಕಬಾರದು?" ಎಂದಳು ಮೆಹರೀನ. "ಮದಲು ಪೊಲೀಸರಿಗೆ ಹೇಳ್ರಿ, ಒಂದು ಒಂದು ಎರಡಕ್ಕ ಫೋನ್ ಹಚ್ರಿ. ಆಮ್ಯಾಲ ಮೆಸೇಜ್. ಅದರಾಗ ತಾರೀಖ ಇರಬೇಕು, ಕಡೀ ಸಲ ಎಲ್ಲಿ ಕಂಡಿದ್ರು ಅಂತ ಇರಬೇಕು. ಇಲ್ಲದ ಕಾಯಿಲಿ ಹಚ್ಚಬ್ಯಾಡ್ರಿ. ಸಿಕ್ಕ ಕೂಡಲೇ ಅದ ಫೋಟೋದ ಮ್ಯಾಲ ಸಿಕ್ಕಾರ ಅಂತ ಬರದು, ಹಾಕಿದ ಕಡೀಗೆಲ್ಲಾ ಮತ್ತ ಹಾಕ್ರಿ. ಬ್ಯಾರೇದೋರದು ಬಂದ್ರ, ಕಳಸೋಕಿಂತ ಮುಂಚೆ ಆ ನಂಬರಿಗೆ ಒಂದು ಫೋನ್ ಮಾಡ್ರಿ. ಒಂದ ಫೋನ್. ಅಷ್ಟ."

"ಅಷ್ಟ ಏನು?" ಎಂದು ಆಕೆ ನಿರಾಳವಾದಳು. "ನಾ ಏನೋ ದೊಡ್ಡದೈತಿ ಅನಕೊಂಡೆ."

ಕೆಂಪು ಅಕ್ಷರದ ಫೋಟೋ ಹೊರಟಿತು. ಹಳೆಯದರಷ್ಟು ಜೋರಾಗಿ ಓಡಲಿಲ್ಲ, ಕುಂಟುತ್ತ ಹೋಯಿತು. ಆದರೂ ಹೋಯಿತು. ಮುಂದಿನ ಸಂತೆಯ ಹೊತ್ತಿಗೆ ಕಂಡಕ್ಟರ್ ಮೊಬೈಲಿಗೂ ಬಂದಿತ್ತು. ಅವನು ಪಾಲಣ್ಣನಿಗೆ ಕಿಟಕಿ ಪಕ್ಕದ ಸೀಟು ಬಿಡಿಸಿಕೊಟ್ಟ.

ಪಾಲಣ್ಣನನ್ನು ಹೊರಡಿಸಿದ್ದು ಮೌಲಾಹುಸೇನರು. ಮೆಹರೀನಳೂ ಜೊತೆಗೆ ಹೋದಳು. ಸಂತೆಯಲ್ಲಿ ಗವಿಸಿದ್ದೇಶ್ ಹೊಸ ಕುರಿಗಳನ್ನು ಹೊಡೆದುಕೊಂಡು ಬಂದಿದ್ದ. ಮೌಲಾಹುಸೇನರು ಅವನ ಮುಂದೆಯೇ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದರು: "ಕುರಿ ಚಲೋ ಅದಾವು. ನಾ ಹಿಡೀತೀನಿ. ಪಾಲಣ್ಣನ ಕೈಲೆ ಆದ್ರ ಮಾತ್ರ."

"ಅಜ್ಜಗ ಮರವು ಐತಲ್ರಿ," ಎಂದ ಗವಿಸಿದ್ದೇಶ್.

"ಮರವಿಲ್ಲ ಅಂತ ಮಗನ ಹಾಕ್ಯಾನಲ್ಲೋ, ನಮ್ಮ ಮೊಬೈಲಿಗೂ ಬಂದೈತಿ," ಎಂದರು ಪಕ್ಕದವರು.

"ಮೊಬೈಲ್ನಾಗ ಬಂದಿದ್ದನ್ನೆಲ್ಲಾ ನಂಬಾಕ ಆಗ್ತೈತೇನ್ರಿ?"

ಇದೇ ಮಾತು ಅವತ್ತೇ ಆಡಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡಳು ಮೆಹರೀನ. ಜನ ಕಿಸಕ್ಕೆಂದರು. ಪಾಲಣ್ಣ ಮಾತ್ರ ನಗಲಿಲ್ಲ.

"ಖರೆ ಐತಿ. ಮೊಬೈಲ್ ಬಿಡು," ಎಂದ. "ಕೈ ಕೊಡು. ಅವತ್ತಿನ ಲೆಕ್ಕ ಕೈಯಾಗ ಹೇಳ್ತೀನಿ."

ಇಷ್ಟು ಜನರ ಎದುರು ಕೈ ಹಿಂದೆಳೆಯಲು ಗವಿಸಿದ್ದೇಶನಿಗೆ ಆಗಲಿಲ್ಲ. ಪಾಲಣ್ಣ ಟವೆಲ್ ಹಾಕಿದ. ಕೆಳಗೆ ಬೆರಳು ಆಡತೊಡಗಿದವು. ಅದು ಇವತ್ತಿನ ಕುರಿಯ ರೇಟಲ್ಲ, ಅವತ್ತಿನ ಜಗಳದ ವ್ಯಾಪಾರ ಎಂದು ಎಲ್ಲರಿಗೂ ತಿಳಿಯಿತು, ಆದರೆ ಎಷ್ಟೆಂದು ಯಾರಿಗೂ ತಿಳಿಯಲಿಲ್ಲ. ಗವಿಸಿದ್ದೇಶ್ ಮೊದಲು ಕೇಳಿದ್ದು, ಮೌಲಾಹುಸೇನರು ಕೊಡುತ್ತೇನೆಂದದ್ದು, ಇವನು ಇಳಿದದ್ದು, ಅವರು ಏರಿದ್ದು, ನಡುವೆ ಮುನಿಸಿಕೊಂಡು ಕೈ ಕಿತ್ತುಕೊಂಡದ್ದು, ಮತ್ತೆ ಕೊಟ್ಟದ್ದು, ಕೊನೆಗೆ ಒಪ್ಪಿದ್ದು. ಪಾಲಣ್ಣ ಒಂದನ್ನೂ ಬಿಡದೆ ಅವನ ಬೆರಳ ಮೇಲೆ ಒತ್ತುತ್ತ ಹೋದ. ಗವಿಸಿದ್ದೇಶನ ಹಣೆಯ ಮೇಲೆ ಬೆವರು ಮೂಡಿತು. ಅವನು ನೆಲ ನೋಡತೊಡಗಿದ.

ಯಾರೋ ಇದನ್ನು ವೀಡಿಯೋ ಮಾಡಿಕೊಂಡರು. ಅದರಲ್ಲಿ ಒಂದು ಟವೆಲ್ ಬಿಟ್ಟರೆ ಏನೂ ಕಾಣುವುದಿಲ್ಲ. ಅದನ್ನು ಯಾರೂ ಶೇರ್ ಮಾಡಲಿಲ್ಲ.

ಪಾಲಣ್ಣ ಕೈ ಬಿಟ್ಟ. ಟವೆಲ್ ಹೆಗಲಿಗೆ ಹಾಕಿಕೊಂಡು ಕಾದು ನಿಂತ.

"ಮರವು ಅವರಿಗಲ್ರಿ," ಎಂದ ಗವಿಸಿದ್ದೇಶ್, ಸಣ್ಣ ದನಿಯಲ್ಲಿ. "ನನಗಾಗಿತ್ತು."

"ಆಗ್ತೈತಿ ಬಿಡಪಾ, ಮನುಷ್ಯ ಅಂದ ಮ್ಯಾಲ," ಎಂದ ಪಾಲಣ್ಣ. "ಕುರಿ ತೋರ್ಸು."

ಆಮೇಲೆ ಇನ್ನೊಬ್ಬ ಮಾರುವವನು ಬಂದು ಪಾಲಣ್ಣನ ಮುಂದೆ ಕೈ ಚಾಚಿದ. ಅವನ ಹಿಂದೆ ಮತ್ತೊಬ್ಬ ನಿಂತಿದ್ದ. ಮೌಲಾಹುಸೇನರು ಕಣ್ಣಿಗೆ ಧೂಳು ಬಿತ್ತೆಂದು ಆ ಕಡೆ ತಿರುಗಿದರು.

ಈ ಕಥೆ ಓದಿದವರೇ, ಓದಿಸಿ ಕೇಳಿದವರೇ, ಪಾಲಣ್ಣನನ್ನು ಹಿಡಿದು ಕೂರಿಸಿದವರಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಚಹಾ ಕೊಟ್ಟವರೂ ಒಳ್ಳೆಯವರು, ಬನ್ನು ಕೊಟ್ಟವರೂ ಒಳ್ಳೆಯವರು. ಇಷ್ಟು ಒಳ್ಳೆಯವರು ಸೇರಿ ಒಬ್ಬ ಮನುಷ್ಯನ ಅನ್ನ ಕಿತ್ತುಕೊಂಡಿದ್ದರು, ಅದು ಅವರಿಗೆ ಗೊತ್ತೇ ಇರಲಿಲ್ಲ. ನಿಮ್ಮ ಮೊಬೈಲಿನಲ್ಲೂ ಕಾಣೆಯಾದವರ ಫೋಟೋ ಒಂದಾದರೂ ಇದ್ದೀತು. ಈಗಲೇ ತೆರೆದು ನೋಡಿ. ತಾರೀಖು ಇದೆಯೇ? ಆ ನಂಬರಿಗೆ ಒಂದು ಫೋನ್ ಮಾಡಿ, ಮನೆಗೆ ಬಂದರೇ ಎಂದು ಕೇಳಿ. ಬಂದಿಲ್ಲವೆಂದರೆ ನಾಲ್ಕು ಕಡೆ ಕಳಿಸಿ, ಕಣ್ಣಿಟ್ಟು ಹುಡುಕಿ. ಬಂದಿದ್ದಾರೆ ಎಂದರೆ, ನೀವು ಯಾರಿಗೆಲ್ಲ ಕಳಿಸಿದ್ದಿರೋ ಅವರಿಗೆಲ್ಲ ಅದನ್ನೂ ಹೇಳಿ. ಮನೆ ಸೇರಿದ ಮನುಷ್ಯನನ್ನು ಇನ್ನು ನೆಮ್ಮದಿಯಾಗಿ ಓಡಾಡಲು ಬಿಡಿ.